ಮಿಕ್ಸಿ ಹಾಕಿದ ಕೂಡಲೇ ಟಿವಿ ಚಿತ್ರ ಒಡೆಯುವುದು ಯಾಕೆ?

ಓದುಗರ ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನ ಒಂದು ಹಳ್ಳಿ, ತೋಟದ ನಡುವೆ ಮನೆ. ಡಿಟಿಎಚ್ ಹಾಕಿಸಿ ಎಂಟು ವರ್ಷವಾಯಿತು. ಈ ಸಲ ಗೌರಿ ಹಬ್ಬಕ್ಕೆ ಮನೆ ಸ್ವಚ್ಛ ಮಾಡುವಾಗ ಟಿವಿ ಸ್ಟ್ಯಾಂಡನ್ನು ಅಡುಗೆಮನೆ ಕಡೆಯ ಗೋಡೆಗೆ ತಂದೆವು. ಹೊಸ ವೈಫೈ ರೂಟರನ್ನು ಸೆಟ್‌ಟಾಪ್ ಬಾಕ್ಸಿನ ಮೇಲೇ ಇಟ್ಟೆವು. ಆವತ್ತಿಂದ ಶುರುವಾಯಿತು. ನಾನು ಮಿಕ್ಸಿ ಹಾಕಿದರೆ ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತದೆ. ಒಮ್ಮೊಮ್ಮೆ ಬಾಕ್ಸ್ ತಾನೇ ಆಫ್ ಆಗಿ ಆನ್ ಆಗುತ್ತದೆ. ಮಹಡಿಯಲ್ಲಿ ಮಗನ ರೂಮಿಗೆ ಅದೇ ಡಿಶ್‌ನಿಂದ ಸ್ಪ್ಲಿಟರ್ ಹಾಕಿ ಇನ್ನೊಂದು ಬಾಕ್ಸ್ ಕೊಟ್ಟಿದ್ದೇವೆ. ಅವನು ಟಿವಿ ಹಾಕಿದರೆ ಕೆಳಗೆ ಅರ್ಧ ಚಾನೆಲ್ ಬರುವುದಿಲ್ಲ. ಅದಲ್ಲದೆ ಮೂರು ನಾಲ್ಕು ಚಾನೆಲ್‌ಗಳು ಬೆಳಗ್ಗೆ ಸರಿಯಾಗಿದ್ದು ಸಂಜೆ ಮಾತ್ರ ತಡವರಿಸುತ್ತವೆ. ಪಕ್ಕದ ಮನೆಯವರು ವೈಫೈ ಅಲೆಯಿಂದ ಹೀಗೆ ಎನ್ನುತ್ತಾರೆ. ನೋಡಲು ಬಂದ ಹುಡುಗ ಡಿಶ್ ಸಮೇತ ಎಲ್ಲ ಬದಲಾಯಿಸಿ ಎಂದ. ಬೂಸ್ಟರ್ ಹಾಕಿದರೆ ಸಾಕೇ? ಮಾವನವರಿಗೆ 78 ವರ್ಷ. ಸಂಜೆ ವಾರ್ತೆ ನೋಡುವುದು ಅವರ ದಿನದ ದೊಡ್ಡ ಕೆಲಸ. ನಾನು ಚಟ್ನಿ ರುಬ್ಬಲೋ ಬೇಡವೋ ಎಂದು ಯೋಚಿಸುವಂತಾಗಿದೆ.

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಮನೆಯಲ್ಲಿ ಇರುವುದು ಮೂರು ಬೇರೆ ಬೇರೆ ತೊಂದರೆ. ಮಿಕ್ಸಿ ಹಾಕಿದಾಗ ಆಗುವುದು ಒಂದು. ಮಗ ಮೇಲೆ ಟಿವಿ ಹಾಕಿದಾಗ ಆಗುವುದು ಇನ್ನೊಂದು. ಸಂಜೆ ಮಾತ್ರ ಕೆಲವು ಚಾನೆಲ್ ತಡವರಿಸುವುದು ಮತ್ತೊಂದು. ಮೂರನ್ನೂ ಒಂದೇ ಗಂಟು ಕಟ್ಟಿದ್ದರಿಂದಲೇ "ಎಲ್ಲ ಬದಲಾಯಿಸಿ" ಎಂಬ ಮಾತು ಬಂದಿದೆ. ಡಿಶ್ ಬದಲಾಯಿಸಬೇಡಿ. ಬೂಸ್ಟರನ್ನೂ ತರಬೇಡಿ. ನೀವು ಬರೆದದ್ದರಲ್ಲಿ ಡಿಶ್ ಕೆಟ್ಟಿದೆ ಎನ್ನುವ ಗುರುತು ಒಂದೂ ನನಗೆ ಕಾಣಲಿಲ್ಲ.

ಮೊದಲು ವೈಫೈ ವಿಚಾರ ಮುಗಿಸೋಣ. ಡಿಶ್ ಮುಂದೆ ಕೋಲಿನ ತುದಿಯಲ್ಲಿ ಕೂತಿರುವ ಎಲ್‌ಎನ್‌ಬಿ ಉಪಗ್ರಹದ ಸಿಗ್ನಲ್ ಹಿಡಿದು, ಅದನ್ನು 950ರಿಂದ 2150 ಮೆಗಾಹರ್ಟ್ಸ್ ಒಳಕ್ಕೆ ಇಳಿಸಿ ಕೇಬಲ್‌ಗೆ ಬಿಡುತ್ತದೆ. ವೈಫೈ ಓಡಾಡುವುದು 2400ರ ಆಸುಪಾಸಿನಲ್ಲಿ, ಇಲ್ಲವೇ 5000ಕ್ಕಿಂತ ಮೇಲೆ. ಎರಡರ ದಾರಿ ಬೇರೆ ಬೇರೆ. ಹಾಗಾಗಿ ರೂಟರ್‌ನಿಂದ ಡಿಟಿಎಚ್ ಚಿತ್ರ ಒಡೆಯುವುದು ಬಹಳ ಅಪರೂಪ. ಮೈಕ್ರೋವೇವ್ ಓವನ್ ಕೂಡ 2450ರ ಹತ್ತಿರವೇ ಇರುತ್ತದೆ. ಅದು ಕೆಡಿಸಿದರೆ ವೈಫೈಯಲ್ಲಿ ನೋಡುವ ಯೂಟ್ಯೂಬನ್ನು ಕೆಡಿಸೀತು, ಮಾವನವರ ವಾರ್ತೆಯನ್ನಲ್ಲ.

ಆದರೂ ರೂಟರನ್ನು ಇವತ್ತೇ ಬಾಕ್ಸ್ ಮೇಲಿಂದ ಇಳಿಸಿ. ಕಾರಣ ಬಿಸಿ. ಬಾಕ್ಸಿನ ಮೇಲ್ಮೈಯಲ್ಲಿರುವ ಸಣ್ಣ ತೂತುಗಳಿಂದಲೇ ಅದರ ಕಾವು ಹೊರಗೆ ಹೋಗಬೇಕು. ಅದರ ಮೇಲೆ ಇನ್ನೊಂದು ಬಿಸಿ ಡಬ್ಬ ಕೂರಿಸಿದರೆ ಎರಡೂ ಬೇಯುತ್ತವೆ. ಬೆಂದ ಬಾಕ್ಸ್ ಸುಮ್ನೆ ನಿಲ್ಲುತ್ತದೆ, ಆಫ್ ಆಗುತ್ತದೆ.

"ರೂಟರ್ ಬಂದ ಮೇಲೇ ತಾನೇ ಶುರುವಾಗಿದ್ದು?" ಎಂದು ನೀವು ಕೇಳಬಹುದು. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದೂ ಅಲ್ಲೇ. ಹಬ್ಬಕ್ಕೆ ಎಲ್ಲ ವೈರ್ ಬಿಚ್ಚಿ, ಒರೆಸಿ, ಮತ್ತೆ ಹಾಕಿದ್ದೀರಿ ಅಲ್ವಾ? ಬಾಕ್ಸಿಗೂ ರೂಟರಿಗೂ ಗೋಡೆಗೆ ಸಿಕ್ಕಿಸುವ ಕಪ್ಪು ಅಡಾಪ್ಟರ್ ಇರುತ್ತದೆ. ಎರಡರ ತುದಿಯಲ್ಲೂ ಅದೇ ದುಂಡನೆ ಪಿನ್ನು. ಅದು ಇದಕ್ಕೆ, ಇದು ಅದಕ್ಕೆ ಸಲೀಸಾಗಿ ಕೂರುತ್ತದೆ. ಹಬ್ಬದ ಮಾರನೇ ವಾರ ನನಗೆ ಬರುವ ಕರೆಗಳಲ್ಲಿ ಅಡಾಪ್ಟರ್ ಅದಲು ಬದಲಾದ ಮನೆಗಳು ಪ್ರತಿ ವರ್ಷ ಇರುತ್ತವೆ.

ಅಡಾಪ್ಟರ್ ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿ. ಸಣ್ಣ ಅಕ್ಷರದಲ್ಲಿ ಔಟ್‌ಪುಟ್ ಎಂದು ಬರೆದು ಅದರ ಮುಂದೆ ಎರಡು ಅಂಕಿ ಇರುತ್ತವೆ. ಒಂದು ವೋಲ್ಟ್, ಇನ್ನೊಂದು ಆಂಪಿಯರ್. ಬಾಕ್ಸಿನ ಹಿಂದೆಯೋ ತಳದಲ್ಲೋ ಅದಕ್ಕೆ ಎಷ್ಟು ಬೇಕೆಂದು ಬರೆದಿರುತ್ತದೆ. ವೋಲ್ಟ್ ಎರಡೂ ಕಡೆ ಒಂದೇ ಇರಬೇಕು. ಆಂಪಿಯರ್ ಬಾಕ್ಸ್ ಕೇಳುವಷ್ಟು, ಇಲ್ಲವೇ ಅದಕ್ಕಿಂತ ಜಾಸ್ತಿ ಇರಬೇಕು. ಬಾಕ್ಸಿಗೆ 12 ವೋಲ್ಟ್ 1.5 ಆಂಪಿಯರ್ ಬೇಕಾಗಿದ್ದು, ನೀವು ರೂಟರಿನ 12 ವೋಲ್ಟ್ 0.5 ಆಂಪಿಯರಿನದನ್ನು ಸಿಕ್ಕಿಸಿದ್ದರೆ ಬಾಕ್ಸ್ ಹೇಗೋ ಉಸಿರು ಬಿಗಿಹಿಡಿದು ನಡೆಯುತ್ತಿರುತ್ತದೆ. ಚೂರು ಹೆಚ್ಚುಕಮ್ಮಿಯಾದರೂ ಕುಸಿಯುತ್ತದೆ.

ಆ ಹೆಚ್ಚುಕಮ್ಮಿ ಮಾಡುವುದು ನಿಮ್ಮ ಮಿಕ್ಸಿ. ನಮ್ಮ ಮನೆಗಳ ಮಿಕ್ಸಿ 500 ಅಥವಾ 750 ವ್ಯಾಟ್‌ನದು. ಸ್ವಿಚ್ ತಿರುಗಿಸಿದ ಆ ಕ್ಷಣದಲ್ಲಿ ಅದು ಮಾಮೂಲಿಗಿಂತ ಎಷ್ಟೋ ಪಟ್ಟು ಕರೆಂಟ್ ಎಳೆಯುತ್ತದೆ. ಲೈನ್ ಉದ್ದವಿರುವ ತೋಟದ ಮನೆಗಳಲ್ಲಿ ಸಂಜೆ ವೋಲ್ಟೇಜ್ ಮೊದಲೇ ಕಮ್ಮಿ. ಅದು ಇನ್ನಷ್ಟು ಕುಸಿಯುತ್ತದೆ. ಒಳ್ಳೆಯ ಅಡಾಪ್ಟರ್ ಇದನ್ನು ತಡೆದುಕೊಳ್ಳಬೇಕು. ಬಹುಪಾಲು ಅಡಾಪ್ಟರ್‌ಗಳ ಮೇಲೆ ಇನ್‌ಪುಟ್ 100ರಿಂದ 240 ವೋಲ್ಟ್ ಎಂದೇ ಬರೆದಿರುತ್ತದೆ. ಆದರೆ ಎಂಟು ವರ್ಷ ಹಗಲೂ ರಾತ್ರಿ ಗೋಡೆಯಲ್ಲಿ ಬಿಸಿಯಾಗುತ್ತಾ ಕೂತ ಅಡಾಪ್ಟರಿನ ಒಳಗೆ ಕೆಪಾಸಿಟರ್ ಒಣಗಿರುತ್ತದೆ. ಅದಕ್ಕೆ ಆ ಒಂದು ಕ್ಷಣದ ಕುಸಿತ ತಡೆಯುವ ಶಕ್ತಿ ಉಳಿದಿರುವುದಿಲ್ಲ. ಅದಲು ಬದಲಾಗದೇ ಇದ್ದರೂ ನಿಮ್ಮ ಅಡಾಪ್ಟರ್ ಇಷ್ಟು ಹೊತ್ತಿಗೆ ಸುಸ್ತಾಗಿರಬಹುದು. ಅದನ್ನು ಬಿಚ್ಚಿ ನೋಡಲು ಮಾತ್ರ ಹೋಗಬೇಡಿ. ಪ್ಲಗ್ ತೆಗೆದ ಮೇಲೂ ಒಳಗೆ ಚಾರ್ಜ್ ನಿಂತಿರುತ್ತದೆ. ಅದೇ ಅಂಕಿಯ ಹೊಸದನ್ನು ತಂದು ಹಾಕಿ.

ಮಿಕ್ಸಿಯಿಂದ ಇನ್ನೊಂದು ದಾರಿಯೂ ಇದೆ, ಕಿಡಿ. ಮೋಟಾರಿನ ಒಳಗೆ ಎರಡು ಕಾರ್ಬನ್ ಬ್ರಶ್‌ಗಳು ತಿರುಗುವ ತಾಮ್ರದ ಪಟ್ಟಿಗಳಿಗೆ ಉಜ್ಜುತ್ತಿರುತ್ತವೆ. ಅವು ಸವೆದರೆ ಕಿಡಿ ಹಾರುತ್ತದೆ. ರಾತ್ರಿ ಅಡುಗೆಮನೆ ದೀಪ ಆರಿಸಿ, ಖಾಲಿ ಮಿಕ್ಸಿಯನ್ನು ಎರಡು ಸೆಕೆಂಡ್ ಓಡಿಸಿ, ಗಾಳಿ ಕಿಂಡಿಯ ಕಡೆ ದೂರದಿಂದ ನೋಡಿ. ಅಲ್ಲೊಂದು ಇಲ್ಲೊಂದು ನೀಲಿ ಚುಕ್ಕೆ ಸಹಜ. ಸುತ್ತ ಬಳೆ ತೊಡಿಸಿದಂತೆ ನೀಲಿ ಬೆಳಕು ಕಂಡರೆ ಬ್ರಶ್ ಮುಗಿದಿದೆ. ಮಿಕ್ಸಿ ರಿಪೇರಿ ಅಂಗಡಿಯಲ್ಲಿ ಅದು ಸಣ್ಣ ಖರ್ಚಿನ ಕೆಲಸ. ಹಳೇ ಆಂಟೆನಾ ಕಾಲದಲ್ಲಿ ಇದೇ ಕಿಡಿ ಪರದೆ ತುಂಬ ಸಾಸಿವೆ ಚೆಲ್ಲಿದಂತೆ ಕಾಣುತ್ತಿತ್ತು. ಚಿತ್ರ ಮಸುಕಾದರೂ ನೋಡಬಹುದಾಗಿತ್ತು. ಡಿಜಿಟಲ್ ಹಾಗಲ್ಲ. ಒಂದು ಮಟ್ಟದ ತನಕ ಏನೂ ಗೊತ್ತಾಗುವುದಿಲ್ಲ, ಅದು ದಾಟಿದರೆ ಚಿತ್ರವೇ ಇಲ್ಲ. ಅದಕ್ಕೇ ನಿಮಗೆ ಎಲ್ಲವೂ ಒಂದೇ ದಿನ ಕೆಟ್ಟಂತೆ ಅನಿಸಿದ್ದು. ಕೇಬಲ್ ವರ್ಷಗಳಿಂದ ನಿಧಾನವಾಗಿ ಸೋಲುತ್ತಿದ್ದು, ಹಬ್ಬದ ಹೊತ್ತಿಗೆ ಆ ಅಂಚಿಗೆ ಬಂದು ನಿಂತಿರಬೇಕು.

ಹಾಗಾದರೆ ನಿಮ್ಮಲ್ಲಿ ಕರೆಂಟ್ ಕುಸಿತವೋ, ಕಿಡಿಯೋ? ಇದನ್ನು ನೀವೇ ಐದು ನಿಮಿಷದಲ್ಲಿ ಪತ್ತೆ ಮಾಡಬಹುದು. ಬಾಕ್ಸಿನ ರಿಮೋಟಿನಲ್ಲಿ ಮೆನು ಒತ್ತಿ, ಸೆಟ್ಟಿಂಗ್ ಒಳಗೆ ಸಿಗ್ನಲ್ ಪುಟ ತೆರೆಯಿರಿ. ಸ್ಟ್ರೆಂತ್, ಕ್ವಾಲಿಟಿ ಎಂದು ಎರಡು ಪಟ್ಟಿ ಕಾಣುತ್ತವೆ. ಈಗ ಮನೆಯವರೊಬ್ಬರಿಗೆ ಮಿಕ್ಸಿ ಹಾಕಲು ಹೇಳಿ, ನೀವು ಪರದೆ ನೋಡುತ್ತಿರಿ. ಬಾಕ್ಸಿನ ದೀಪವೇ ಆರಿ ಹತ್ತಿದರೆ ಅದು ಕರೆಂಟಿನ ದೋಷ. ಬಾಕ್ಸ್ ಆನ್ ಇದ್ದು ಕ್ವಾಲಿಟಿ ಪಟ್ಟಿ ಮಾತ್ರ ಧಡ್ ಎಂದು ಬಿದ್ದರೆ ಕೇಬಲ್ ದಾರಿಯಲ್ಲಿ ಗದ್ದಲ, ಅಂದರೆ ಕಿಡಿಯಿಂದ ಹುಟ್ಟುವಂಥ ಬೇಡದ ಸಿಗ್ನಲ್, ನುಗ್ಗುತ್ತಿದೆ. ಪಟ್ಟಿ ಅಲುಗದೆ, ಮೆನುವಿನ ಅಕ್ಷರ ಸಮೇತ ಇಡೀ ಪರದೆ ಎರಡು ಸೆಕೆಂಡ್ ಕಪ್ಪಾಗಿ ಮರಳಿದರೆ ತೊಂದರೆ ಬಾಕ್ಸ್ ದಾಟಿದ ಮೇಲೆ, ಅಲ್ಲಿಂದ ಟಿವಿಗೆ ಹೋಗುವ ಎಚ್‌ಡಿಎಂಐ ವೈರಿನಲ್ಲಿದೆ. ಆಗ ಆ ವೈರ್ ಬದಲಾಯಿಸಿ. ಅದನ್ನು ಕರೆಂಟ್ ವೈರ್‌ಗಳ ಜೊತೆ ಹೆಣೆದು ಕಟ್ಟಿದ್ದರೆ ಬೇರೆ ಮಾಡಿ. ನೀವು ಬಾಕ್ಸ್ ಆಫ್ ಆಗುತ್ತದೆ ಎಂದು ಬರೆದಿದ್ದೀರಿ. ನನ್ನ ಅನುಮಾನ ಮೊದಲು ಅಡಾಪ್ಟರ್ ಮೇಲೆ.

ಇಲ್ಲೊಂದು ಮಾತು ಗಮನವಿಟ್ಟು ಓದಿ. ಮಿಕ್ಸಿ ಹಾಕಿದಾಗ ಮನೆಯ ಬಲ್ಬು ಒಂದು ಗಳಿಗೆ ಮಂಕಾದರೆ ಪರವಾಗಿಲ್ಲ. ತ್ರೀ ಫೇಸ್ ಇರುವ ಮನೆಯಲ್ಲಿ ಕೆಲವು ಬಲ್ಬು ಮಂಕಾಗಿ, ಬೇರೆ ಕೆಲವು ಮೊದಲಿಗಿಂತ ಜಾಸ್ತಿ ಉರಿದರೆ ನ್ಯೂಟ್ರಲ್ ಸಡಿಲವಾಗಿದೆ ಎಂದರ್ಥ. ಫ್ರಿಜ್, ಟಿವಿ ಎಲ್ಲ ಒಟ್ಟಿಗೆ ಸುಟ್ಟುಹೋಗಬಹುದು, ಬೆಂಕಿಯೂ ಹತ್ತಬಹುದು. ಆಗ ಟಿವಿ ಮಾತು ಬದಿಗಿಟ್ಟು ಮೇನ್ ಸ್ವಿಚ್ ಇಳಿಸಿ, ಎಲೆಕ್ಟ್ರಿಷಿಯನ್ ಇಲ್ಲವೇ ಮೆಸ್ಕಾಂ ಲೈನ್‌ಮನ್‌ಗೆ ಹೇಳಿ.

ಮಗನ ರೂಮಿನ ಕತೆ ಬೇರೆ. ಇಲ್ಲಿ ನಿಜಕ್ಕೂ ಒಂದು ಬಾಕ್ಸ್ ಇನ್ನೊಂದನ್ನು ಕೆಡಿಸುತ್ತಿದೆ, ಮತ್ತು ಅದರಲ್ಲಿ ಯಾವ ಅಲೆಯ ಪಾತ್ರವೂ ಇಲ್ಲ. ಉಪಗ್ರಹದ ಚಾನೆಲ್‌ಗಳು ಎರಡು ಬಗೆಯಲ್ಲಿ ಬರುತ್ತವೆ, ಲಂಬ ಮತ್ತು ಅಡ್ಡ. ನಿಮಗೆ ಯಾವುದು ಬೇಕೆಂದು ಬಾಕ್ಸ್ ಅದೇ ಕೇಬಲ್ ಮೂಲಕ ಎಲ್‌ಎನ್‌ಬಿಗೆ ತಿಳಿಸುತ್ತದೆ. 13 ವೋಲ್ಟ್ ಕಳಿಸಿದರೆ ಲಂಬ, 18 ವೋಲ್ಟ್ ಕಳಿಸಿದರೆ ಅಡ್ಡ. ಒಂದು ಬಾಯಿಯ ಎಲ್‌ಎನ್‌ಬಿ ಒಮ್ಮೆಗೆ ಒಂದೇ ಮಾತು ಕೇಳಬಲ್ಲದು. ಸ್ಪ್ಲಿಟರ್ ಮೂಲಕ ಇಬ್ಬರೂ ಕೇಳಿದರೆ 18 ಗೆಲ್ಲುತ್ತದೆ. ಮಗ ಅಡ್ಡ ಬಗೆಯ ಚಾನೆಲ್ ಹಾಕಿಕೊಂಡ ಕೂಡಲೇ ಕೆಳಗೆ ಲಂಬ ಬಗೆಯವು ಮಾಯ. ಅವನು ಚಾನೆಲ್ ಬದಲಾಯಿಸಿದರೆ ಕೆಲವೊಮ್ಮೆ ನಿಮ್ಮದು ತಾನಾಗೇ ಮರಳಿ ಬಂದಿರಬೇಕು, ನೆನಪು ಮಾಡಿಕೊಳ್ಳಿ. ಪರೀಕ್ಷಿಸಬೇಕಾದರೆ ಮೇಲಿನ ಬಾಕ್ಸನ್ನು ಪ್ಲಗ್‌ನಲ್ಲೇ ಆಫ್ ಮಾಡಿ. ಬರೀ ರಿಮೋಟಿನಲ್ಲಿ ಆಫ್ ಮಾಡಿದರೆ ಸಾಲದು, ಎಷ್ಟೋ ಬಾಕ್ಸ್‌ಗಳು ನಿದ್ದೆಯಲ್ಲೂ ವೋಲ್ಟೇಜ್ ಕಳಿಸುತ್ತಲೇ ಇರುತ್ತವೆ.

ಇದಕ್ಕೆ ಸರಿಯಾದ ಪರಿಹಾರ ಎರಡು ಬಾಯಿಯ ಎಲ್‌ಎನ್‌ಬಿ. ಟ್ವಿನ್ ಎಂದು ಕೇಳಿದರೆ ಅಂಗಡಿಯವರಿಗೆ ಗೊತ್ತಾಗುತ್ತದೆ. ನಿಮ್ಮ ಡಿಟಿಎಚ್ ಕಂಪನಿಯ ಡಿಶ್‌ಗೆ ಹೊಂದುವುದನ್ನೇ ತರಬೇಕು, ಎಲ್ಲವೂ ಎಲ್ಲದಕ್ಕೂ ಕೂರುವುದಿಲ್ಲ. ಅಲ್ಲಿಂದ ಎರಡು ಕೋಣೆಗೆ ಎರಡು ಪ್ರತ್ಯೇಕ ಕೇಬಲ್ ಎಳೆಸಿ, ಸ್ಪ್ಲಿಟರ್ ತೆಗೆದುಹಾಕಿ. ಖರ್ಚು ಕೆಲವು ನೂರು ರೂಪಾಯಿ ಮತ್ತು ಕೇಬಲ್ ದುಡ್ಡು. ಒಂದೇ ಬಾಕ್ಸಿನಿಂದ ಎಚ್‌ಡಿಎಂಐ ಸ್ಪ್ಲಿಟರ್ ಹಾಕಿ ಎರಡು ಟಿವಿಗೆ ಕೊಡಬಹುದು, ಆದರೆ ಇಬ್ಬರೂ ಒಂದೇ ಚಾನೆಲ್ ನೋಡಬೇಕು. 78ರ ಅಜ್ಜನಿಗೂ ಮೊಮ್ಮಗನಿಗೂ ಅದು ಹೊಂದುವ ಮಾತಲ್ಲ. ಮನೆಗೆ ಹೇಗೂ ವೈಫೈ ಬಂದಿದೆ. ಮಗ ನೋಡುವುದೆಲ್ಲ ಆ್ಯಪ್‌ಗಳಲ್ಲೇ ಸಿಗುವುದಾದರೆ ಮೇಲಿನ ಬಾಕ್ಸನ್ನೇ ತೆಗೆದುಬಿಡಿ. ಪ್ರತಿ ತಿಂಗಳ ಎರಡನೇ ರೀಚಾರ್ಜೂ ಉಳಿಯುತ್ತದೆ.

ಮೂರನೆಯದು, ಸಂಜೆ ಮಾತ್ರ ತಡವರಿಸುವ ಆ ಮೂರು ನಾಲ್ಕು ಚಾನೆಲ್. ಇದೇ ನನಗೆ ಬಹಳ ಕುತೂಹಲ ಹುಟ್ಟಿಸಿದ್ದು. ಸಂಜೆ ಮನೆಗೆ ಬರುವವರು ಯಾರು? ನಿಮ್ಮ ಯಜಮಾನರು, ಮಗ. ಅವರ ಜೊತೆ ಬರುವುದೇನು? ಮೊಬೈಲು. ಬಂದ ಕೂಡಲೇ ಚಾರ್ಜಿಗೆ ಇಡುವುದು ಎಲ್ಲಿ? ಟಿವಿ ಸ್ಟ್ಯಾಂಡ್ ಪಕ್ಕದ ಪ್ಲಗ್‌ನಲ್ಲಿ ಎಂದಾದರೆ ಕಾರಣ ಸಿಕ್ಕಿದಂತೆಯೇ.

ಲೆಕ್ಕ ಹೀಗಿದೆ. ಯೂನಿವರ್ಸಲ್ ಎಂಬ ಬಗೆಯ ಎಲ್‌ಎನ್‌ಬಿ, ಕೆಳ ಬ್ಯಾಂಡಿನಲ್ಲಿ ಅಂದರೆ ಕಡಿಮೆ ಮೆಗಾಹರ್ಟ್ಸ್‌ನ ಅರ್ಧದಲ್ಲಿ, ಉಪಗ್ರಹದ ಸಿಗ್ನಲ್‌ನಿಂದ 9750 ಮೆಗಾಹರ್ಟ್ಸ್ ಕಳೆಯುತ್ತದೆ. 11510 ಮೆಗಾಹರ್ಟ್ಸ್‌ನಲ್ಲಿ ಬಂದದ್ದು ಕೇಬಲ್ ಒಳಗೆ 1760 ಆಗುತ್ತದೆ. ನಮ್ಮ 4ಜಿ ಮೊಬೈಲ್‌ಗಳು ಬಳಸುವ 1800ರ ಬ್ಯಾಂಡಿನಲ್ಲಿ ಫೋನ್ ಟವರಿಗೆ ಕಳಿಸುವ ಸಿಗ್ನಲ್ 1710ರಿಂದ 1785ರ ನಡುವೆ ಇರುತ್ತದೆ. ಟವರ್‌ನಿಂದ ಫೋನಿಗೆ ಬರುವುದು 1805ರಿಂದ 1880. ಅಂದರೆ ಫೋನು ಮಾತಾಡುವ ಜಾಗದಲ್ಲೇ ಕೇಬಲ್ ಒಳಗೆ ಇಂಥ ಚಾನೆಲ್‌ಗಳು ಕೂತಿರುತ್ತವೆ. ಉಳಿದ ಚಾನೆಲ್‌ಗಳು ಬೇರೆ ಜಾಗದಲ್ಲಿರುವುದರಿಂದ ಅವಕ್ಕೆ ಏನೂ ಆಗುವುದಿಲ್ಲ. ಯಾವಾಗಲೂ ಅವೇ ಮೂರು ನಾಲ್ಕು ಕೆಡುವುದು ಇದಕ್ಕೇ ಇರಬೇಕು.

ಮಲೆನಾಡಿನಲ್ಲಿ ಇದಕ್ಕೆ ಇನ್ನೊಂದು ಎಳೆ ಸೇರುತ್ತದೆ. ನೆಟ್‌ವರ್ಕ್ ಒಂದೋ ಎರಡೋ ಕಡ್ಡಿ ಇರುವ ಕಡೆ ಫೋನು ಟವರನ್ನು ಮುಟ್ಟಲು ತನ್ನ ಪೂರ್ತಿ ಶಕ್ತಿ ಹಾಕಿ ಕೂಗುತ್ತದೆ. ಪೇಟೆಯ ಫೋನಿಗಿಂತ ನಿಮ್ಮ ತೋಟದ ಮನೆಯ ಫೋನು ಪಕ್ಕದ ಕೇಬಲ್‌ಗೆ ಹೆಚ್ಚು ಕಾಟ ಕೊಡುತ್ತದೆ. ಸಂಜೆ ಎಲ್ಲ ಫೋನ್‌ಗಳನ್ನೂ ಹತ್ತು ನಿಮಿಷ ಏರೋಪ್ಲೇನ್ ಮೋಡ್‌ಗೆ ಹಾಕಿ ಅದೇ ಚಾನೆಲ್ ನೋಡಿ. ಸರಿಯಾದರೆ ಫೋನ್‌ಗಳಿಗೆ ಚಾರ್ಜಿಂಗ್ ಜಾಗ ಬೇರೆ ಮಾಡಿ, ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ. ಆಗ ಮಾತು ರೂಟರ್ ಮೂಲಕ ಹೋಗುತ್ತದೆ, ಫೋನಿಗೆ ಟವರ್ ಕಡೆ ಅಷ್ಟು ಕೂಗುವ ಕೆಲಸ ಇರುವುದಿಲ್ಲ. ಪಕ್ಕದ ಮನೆಯವರು ದೂರಿದ ವೈಫೈ ಇಲ್ಲಿ ನಿಮ್ಮ ನೆರವಿಗೇ ಬರುತ್ತದೆ.

ಆದರೆ ಒಂದು ಪ್ರಶ್ನೆ ಉಳಿಯಿತು. ಊರಲ್ಲೆಲ್ಲ ಫೋನ್ ಇದೆ, ಮಿಕ್ಸಿ ಇದೆ. ನಿಮ್ಮಲ್ಲೇ ಯಾಕೆ? ಕೇಬಲ್ ಸರಿ ಇದ್ದರೆ ಹೊರಗಿನ ಯಾವ ಗದ್ದಲವೂ ಸುಲಭದಲ್ಲಿ ಒಳಗೆ ಹೋಗುವುದಿಲ್ಲ. ನಡುವಿನ ತಂತಿಯ ಸುತ್ತ ತೆಳು ಲೋಹದ ಹಾಳೆ, ಅದರ ಮೇಲೆ ಹೆಣೆದ ಜಾಲರಿ ಇರುವುದೇ ಅದಕ್ಕೆ. ಎಲ್ಲಾದರೂ ಜಾಲರಿ ತುಂಡಾಗಿದ್ದರೆ ಆ ಜಾಗ ಆಂಟೆನಾ ಥರ ಕೆಲಸ ಮಾಡುತ್ತದೆ. ನೀವು ಟಿವಿ ಸ್ಟ್ಯಾಂಡ್ ಸರಿಸಿದ್ದೀರಿ. ಕೇಬಲ್ ಸಾಲದೆ ಯಾರಾದರೂ ತುಂಡು ಸೇರಿಸಿ, ತಿರುಚಿ, ಕಪ್ಪು ಟೇಪ್ ಸುತ್ತಿದ್ದಾರಾ? ಹುಡುಕಿ. ಇದ್ದರೆ ಅದನ್ನು ತೆಗೆಸಿ, ಡಿಶ್‌ನಿಂದ ಬಾಕ್ಸಿನ ತನಕ ಒಂದೇ ಅಖಂಡ ಆರ್‌ಜಿ6 ಕೇಬಲ್ ಎಳೆಸಿ.

ಇನ್ನು ಕನೆಕ್ಟರ್, ಅಂದರೆ ಕೇಬಲ್ ತುದಿಯ ಲೋಹದ ತಿರುಪು. ಮೊದಲು ಬಾಕ್ಸ್ ಮತ್ತು ಟಿವಿ ಎರಡರ ಪ್ಲಗ್ಗನ್ನೂ ಗೋಡೆಯಿಂದ ಕಿತ್ತುಬಿಡಿ. ಆಮೇಲಷ್ಟೇ ಬಾಕ್ಸಿನ ಹಿಂದಿನ ತಿರುಪು ಬಿಚ್ಚಿ. ಅರ್ಥಿಂಗ್ ಇಲ್ಲದ ಮನೆಗಳಲ್ಲಿ ಆ ಲೋಹದ ತುದಿ ಮುಟ್ಟಿದರೆ ಕೈ ಜುಮ್ ಎನ್ನುತ್ತದೆ, ಬೆಚ್ಚಿ ಕೈ ಎಳೆದು ಟಿವಿಯನ್ನೇ ಬೀಳಿಸಿಕೊಂಡವರನ್ನು ನೋಡಿದ್ದೇನೆ. ಬಿಚ್ಚಿದ ತುದಿಯನ್ನು ನೋಡಿ. ನಡುವಿನ ತಂತಿ ಹೊಳೆಯುತ್ತಿರಬೇಕು. ಕಪ್ಪಾಗಿದ್ದರೆ, ಹಳೇ ತಾಮ್ರದ ಹಂಡೆಗೆ ಹಿಡಿಯುವಂಥ ಹಸಿರು ಕಿಲುಬು ಕಂಡರೆ, ಒಳಗೆ ನೀರು ಬಂದಿದೆ. ಜಾಲರಿಯ ಒಂದು ಕೂದಲೆಳೆ ನಡುವಿನ ತಂತಿಗೆ ತಾಗಿದರೂ ಸಾಕು ಕೆಡಲು. ನಮ್ಮ ಕಡೆಯ ಮಳೆಗಾಲದಲ್ಲಿ ಎಲ್‌ಎನ್‌ಬಿ ಹತ್ತಿರದ ಬಿರುಕಿನಿಂದ ನುಗ್ಗಿದ ನೀರು ಕೇಬಲ್ ಒಳಗೇ ಇಳಿದು ಬಂದು ಬಾಕ್ಸಿನ ತುದಿಯಲ್ಲಿ ಹನಿಯಾಗಿ ನಿಂತದ್ದನ್ನು ನಾನು ಎಷ್ಟೋ ಸಲ ಒರೆಸಿದ್ದೇನೆ. ಎಂಟು ಮಳೆಗಾಲ ಕಂಡ ಕೇಬಲ್ ನಿಮ್ಮದು. ಎರಡು ತುದಿಯ ಕನೆಕ್ಟರ್ ಹೊಸದು ಹಾಕಿಸಿ. ಹತ್ತಿಪ್ಪತ್ತು ರೂಪಾಯಿಯ ಸಾಮಾನು. ಕೈಯಲ್ಲಿ ತಿರುಗಿಸಿ ಸಿಕ್ಕಿಸುವುದು ಬೇಡ, ಇಕ್ಕಳದಿಂದ ಒತ್ತಿ ಕೂರಿಸುವುದೇ ಇರಲಿ. ಡಿಶ್ ಹತ್ತಿರ ಕೇಬಲನ್ನು ಒಂದು ಜೋಲು ಬಿಟ್ಟು ಕಟ್ಟಿಸಿ. ನೀರು ಆ ಜೋಲಿನ ತಳದಿಂದ ತೊಟ್ಟಿಕ್ಕಿ ಹೋಗುತ್ತದೆ, ಕನೆಕ್ಟರ್ ಕಡೆ ಹರಿಯುವುದಿಲ್ಲ.

ಬೂಸ್ಟರ್ ಯಾಕೆ ಬೇಡ ಎಂದೆ ಅಂದರೆ, ಅದಕ್ಕೆ ಒಳ್ಳೆಯದು ಕೆಟ್ಟದ್ದು ಗೊತ್ತಾಗುವುದಿಲ್ಲ. ಗದ್ದಲ ಸೇರಿದ ಸಿಗ್ನಲ್ ಕೊಟ್ಟರೆ ಗದ್ದಲವನ್ನೂ ದೊಡ್ಡದು ಮಾಡುತ್ತದೆ. ಸ್ಟ್ರೆಂತ್ 90 ತೋರಿಸುತ್ತದೆ, ಕ್ವಾಲಿಟಿ 20ರಲ್ಲೇ ಇರುತ್ತದೆ, ಚಿತ್ರ ಹಾಗೇ ಒಡೆಯುತ್ತದೆ. ಕೇಬಲ್ ತುಂಬಾ ಉದ್ದವಿದ್ದಾಗ ಮಾತ್ರ ಅದಕ್ಕೆ ಕೆಲಸ. ಸ್ಪೈಕ್ ಬಸ್ಟರ್ ಹೆಸರಿನಲ್ಲಿ ಮಾರುವ ಉದ್ದನೆ ಪ್ಲಗ್ ಪಟ್ಟಿಗಳೂ ಅಷ್ಟೇ, ಮಿಕ್ಸಿಯ ಗದ್ದಲ ಸೋಸುವ ಫಿಲ್ಟರ್ ಬಹುಪಾಲು ಪಟ್ಟಿಗಳಲ್ಲಿ ಇರುವುದೇ ಇಲ್ಲ. ಟಿವಿ ಮತ್ತು ಮಿಕ್ಸಿ ಒಂದೇ ಎಕ್ಸ್‌ಟೆನ್ಷನ್‌ನಲ್ಲಿದ್ದರೆ ಬೇರೆ ಮಾಡಿ, ಅದು ಖರ್ಚಿಲ್ಲದೆ ಆಗುವ ಕೆಲಸ.

ಗದ್ದಲ ಎಲ್ಲಿಂದ ಎಂದು ಗೊತ್ತಾಗದಿದ್ದರೆ ನಾನು ಇವತ್ತಿಗೂ ಒಂದು ಸಣ್ಣ ಬ್ಯಾಟರಿ ರೇಡಿಯೋ ಹಿಡಿದು ಮನೆಯೆಲ್ಲ ಓಡಾಡುತ್ತೇನೆ. ಮೀಡಿಯಂ ವೇವ್‌ನಲ್ಲಿ, ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್‌ನ ಪಕ್ಕ ಯಾವ ಸ್ಟೇಷನ್ನೂ ಇಲ್ಲದ ಜಾಗಕ್ಕೆ ಮುಳ್ಳು ತಂದು ನಿಲ್ಲಿಸಿ. ಮಿಕ್ಸಿ, ಅಗ್ಗದ ಎಲ್‌ಇಡಿ ಬಲ್ಬು, ಫ್ಯಾನ್ ರೆಗ್ಯುಲೇಟರ್, ದೇವರ ಮನೆಯ ಸೀರಿಯಲ್ ಸೆಟ್ಟು ಹೀಗೆ ಒಂದೊಂದರ ಹತ್ತಿರ ಹೋದಾಗ ಗೊರಗೊರ ಏರುತ್ತದೆಯೇ ಕೇಳಿ. ಎಲ್ಲಿ ಜಾಸ್ತಿಯೋ ಅದೇ ಗದ್ದಲದ ಮೂಲ. ಮೊಬೈಲಿನ ಕಾಟವನ್ನು ಮಾತ್ರ ರೇಡಿಯೋ ಹೇಳುವುದಿಲ್ಲ, ಅದಕ್ಕೆ ಏರೋಪ್ಲೇನ್ ಮೋಡ್ ಪರೀಕ್ಷೆಯೇ ಸರಿ.

ಇನ್ನೊಂದು ಕೋರಿಕೆ. ಇವನ್ನೆಲ್ಲ ಓದಿ ಯಜಮಾನರಾಗಲಿ ಮಗನಾಗಲಿ ಹಂಚಿನ ಮೇಲೆ ಹತ್ತುವುದು ಬೇಡ. ಪಾಚಿ ಹಿಡಿದ ಹೆಂಚು, ಪಕ್ಕದಲ್ಲೇ ಹಾದ ಕರೆಂಟ್ ಲೈನು, ಎರಡನ್ನೂ ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಡಿಶ್ ಆಗ್ನೇಯದ ಕಡೆ ನೋಡುತ್ತಿದ್ದರೆ ಆ ದಿಕ್ಕಿನ ಅಡಿಕೆ ಮರದ ಗರಿ ಅಡ್ಡ ಬಂದಿದೆಯೇ ಎಂದು ಅಂಗಳದಲ್ಲೇ ನಿಂತು ನೋಡಬಹುದು. ಡಿಶ್ ಹತ್ತಿರದ ಕೆಲಸಕ್ಕೆ ಬಿಸಿಲಿರುವ ದಿನ ಕೆಲಸ ಬಲ್ಲವರನ್ನೇ ಕರೆಸಿ. ಅವರು ಬಂದಾಗ "ಕನೆಕ್ಟರ್ ಎರಡೂ ಹೊಸದು ಹಾಕಿ, ಸ್ಪ್ಲಿಟರ್ ತೆಗೆಯಿರಿ, ಟ್ವಿನ್ ಎಲ್‌ಎನ್‌ಬಿ ಕೂರಿಸಿ" ಎಂದು ನೀವೇ ಹೇಳಿ. ಗುಡುಗು ಶುರುವಾದರೆ ಬಾಕ್ಸಿನ ಪ್ಲಗ್ಗನ್ನೂ ಡಿಶ್ ಕೇಬಲನ್ನೂ ಮಿಂಚು ಹತ್ತಿರ ಬರುವ ಮುಂಚೆಯೇ ಬಿಚ್ಚಿಡಿ.

ಅಡಾಪ್ಟರ್ ಇವತ್ತೇ ನೋಡಿ, ಅದಕ್ಕೆ ದುಡ್ಡೂ ಬೇಡ, ಯಾರನ್ನೂ ಕರೆಯುವುದೂ ಬೇಡ. ಬಾಕ್ಸಿನ ತಳದಲ್ಲಿ ಬರೆದ ಅಂಕಿ, ಎರಡು ಅಡಾಪ್ಟರ್‌ಗಳ ಮೇಲಿನ ಅಂಕಿ, ಮತ್ತು ಮಿಕ್ಸಿ ಹಾಕುವ ಮೊದಲು, ಹಾಕಿದ ಮೇಲೆ ಕ್ವಾಲಿಟಿ ಎಷ್ಟಿತ್ತು ಎನ್ನುವುದನ್ನು ಒಂದು ಚೀಟಿಯಲ್ಲಿ ಬರೆದು ನನಗೆ ಕಳಿಸಿ. ಸಂಜೆ ಕೆಡುವ ಚಾನೆಲ್‌ಗಳ ಹೆಸರನ್ನೂ ಸೇರಿಸಿ. ಮುಂದೇನು ಮಾಡಬೇಕೆಂದು ಅದನ್ನು ನೋಡಿ ಹೇಳುತ್ತೇನೆ.